ಕಣ್ಣಾಗಿನ ನೊಣ

ಅಧ್ಯಕ್ಷರೇ, ಈ ದತ್ತಿ ಇಟ್ಟ ಮನೆತನದ ಹಿರಿಯರೇ, ಕೊಟ್ಟೂರಿನ ಬಿಸಿಲನ್ನು ಲೆಕ್ಕಿಸದೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಂದು ಕೂತಿರುವ ಬಂಧುಗಳೇ,

ನಮ್ಮ ಕಡೆ ದತ್ತಿ ಉಪನ್ಯಾಸ ಅಂದರೆ ವಚನ, ತತ್ವಪದ, ಬಯಲಾಟ, ಹೆಚ್ಚೆಂದರೆ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ಹಾಸ್ಯ. ಕಣ್ಣಿನ ಬಗ್ಗೆ ಒಂದು ತಾಸು ಮಾತಾಡಿ ಎಂದು ಸಂಘಟಕರು ಕೇಳಿದಾಗ, ವಿಳಾಸ ತಪ್ಪಿ ನನ್ನ ಮನೆಗೆ ಬಂದರೇನೋ ಅನ್ನಿಸಿತು. ನಾನು ಸಾಹಿತಿಯಲ್ಲ, ಡಾಕ್ಟರೂ ಅಲ್ಲ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರ ಸಹಾಯಕನಾಗಿದ್ದವನು. ಕನ್ನಡಕದ ನಂಬರು ಬರೆದೆ, ಶಿಬಿರಕ್ಕೆ ಜನ ಕೂಡಿಸಿದೆ, ಆಪರೇಷನ್ ಆದ ಅಜ್ಜ ಅಜ್ಜಿಯರ ರಟ್ಟೆ ಹಿಡಿದು ವ್ಯಾನಿಗೆ ಹತ್ತಿಸಿದೆ. ಅಷ್ಟೇ ನನ್ನ ಯೋಗ್ಯತೆ. ಆಮೇಲೆ ತಿಳಿಯಿತು, ಈ ದತ್ತಿ ಯಾವ ತಾಯಿಯ ಹೆಸರಿನಲ್ಲಿದೆಯೋ ಅವರು ಕೊನೆಯ ಹನ್ನೆರಡು ವರ್ಷ ಒಂದೇ ಕಣ್ಣಿನಲ್ಲಿ ಬದುಕಿದವರು. ಇನ್ನೊಂದು ಕಣ್ಣು ಹೋದದ್ದು ಹೇಗೆ ಎಂಬುದನ್ನು ಮನೆಯವರ ಒಪ್ಪಿಗೆ ಪಡೆದೇ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನೊಣದ ವಿಷಯ.

“ಕಣ್ಣಾಗ ನೊಣ ಹಾರಿದಂಗ ಆಗ್ತೈತ್ರಿ ಸಾರ್. ಕೈ ಬೀಸಿದ್ರ ಹೋಗವಲ್ದು.” ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವರಿಗೆ ಅದು ನೊಣ, ಕೆಲವರಿಗೆ ಸೊಳ್ಳೆ, ಜೇಡರ ಬಲೆ, ಕೂದಲೆಳೆ. ಗುಡೇಕೋಟೆ ಕಡೆಯ ಕುರಿಗಾಹಿಯೊಬ್ಬ “ಉಣ್ಣಿ ಥರಾ ಐತಿ, ಕಣ್ಣು ಹೊಳ್ಳಿಸಿದ ಕಡೀಗೆ ತಾನೂ ಬರ್ತೈತಿ” ಅಂದಿದ್ದ. ಲ್ಯಾಟಿನ್ ಬಲ್ಲ ಹಳೆಯ ವೈದ್ಯರೂ ಇದಕ್ಕೆ ‘ಹಾರುವ ನೊಣಗಳು’ ಎಂದೇ ಹೆಸರಿಟ್ಟಿದ್ದರು. ನಮ್ಮ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲೂ, ದೃಷ್ಟಿಯ ರೋಗಗಳನ್ನು ಹೇಳುವ ಕಡೆ, ರೋಗಿಗೆ ಇಲ್ಲದ ನೊಣ, ಸೊಳ್ಳೆ, ಕೂದಲು, ಬಲೆ ಕಾಣುತ್ತವೆ ಎಂಬ ವರ್ಣನೆ ಇದೆ. ಎರಡು ಸಾವಿರ ವರ್ಷದ ಅಂತರದಲ್ಲಿ, ಪರಸ್ಪರ ಮುಖ ನೋಡದ ಜನ ಒಂದೇ ಉಪಮೆ ಹುಡುಕಿಕೊಂಡಿದ್ದಾರೆ. ಕಾವ್ಯಮೀಮಾಂಸೆಯ ಪಾಠ ಮಾಡುವವರು ಯಾರಾದರೂ ಇಲ್ಲಿದ್ದರೆ ಇದನ್ನು ಯೋಚಿಸಬಹುದು.

ನೊಣ ಹೊರಗಿಲ್ಲ, ಒಳಗಿದೆ. ಕಣ್ಣುಗುಡ್ಡೆಯ ಐದರಲ್ಲಿ ನಾಲ್ಕು ಭಾಗ ಒಂದು ಲೋಳೆಯಿಂದ ತುಂಬಿದೆ. ಕೋಳಿಮೊಟ್ಟೆಯ ಬಿಳಿ ಲೋಳೆಯನ್ನು ನೆನೆಸಿಕೊಳ್ಳಿ, ಅದಕ್ಕಿಂತ ತಿಳಿ. ಅದರ ಹೆಸರು ವಿಟ್ರಿಯಸ್, ಗಾಜಿನಂಥದ್ದು ಎಂದು ಅರ್ಥ. ಅಳತೆ ಸುಮಾರು 4 ಮಿಲಿಲೀಟರ್, ಔಷಧಿ ಕುಡಿಯುವ ಚಮಚಕ್ಕೂ ಕಡಿಮೆ. ಅದರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಮೇಲೆ ನೀರೇ. ನೀರು ಹರಿದುಹೋಗದಂತೆ ಹಿಡಿದಿಟ್ಟಿರುವುದು ಕೊಲ್ಲಾಜೆನ್ ಎಂಬ ಅತಿ ಸಣ್ಣ ಎಳೆಗಳು ಮತ್ತು ಹಯಲುರಾನಿಕ್ ಆಮ್ಲ. ಈಗ ಟಿವಿಯಲ್ಲಿ ಮುಖದ ಸುಕ್ಕು ತೆಗೆಯುವ ಕ್ರೀಮಿನ ಜಾಹೀರಾತಿನಲ್ಲಿ ಈ ಆಮ್ಲದ ಹೆಸರು ಕೇಳಿರುತ್ತೀರಿ. ಅದನ್ನು ಮೊದಲು ಕಂಡುಹಿಡಿದದ್ದು 1934ರಲ್ಲಿ, ದನದ ಕಣ್ಣಿನ ಲೋಳೆಯಲ್ಲಿ. ಕ್ರೀಮು ಹಚ್ಚಿಕೊಳ್ಳುವವರಿಗೆ ಇದು ಗೊತ್ತಿರಲಿ ಎಂದು ಹೇಳಿದೆ, ಬೇರೆ ಉದ್ದೇಶವಿಲ್ಲ.

ಗಡಿಗೆಯ ಮೊಸರು ಎರಡನೆಯ ದಿನಕ್ಕೆ ನೀರು ಬಿಡುತ್ತದಲ್ಲ, ವಯಸ್ಸಾದಂತೆ ಈ ಲೋಳೆಯೂ ಹಾಗೇ ಬಿಡುತ್ತದೆ. ನೀರು ಒಂದು ಕಡೆ, ಗಟ್ಟಿ ಒಂದು ಕಡೆ. ಹಿಡಿತ ತಪ್ಪಿದ ಎಳೆಗಳು ಗಂಟು ಕಟ್ಟಿಕೊಂಡು ತೇಲುತ್ತವೆ. ನಮಗೆ ಕಾಣುವುದು ಆ ಗಂಟಲ್ಲ, ಅದರ ನೆರಳು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟ ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ರಾವಣನ ಮೀಸೆಯೂ ಎಣಿಸುವಂತೆ ಕಾಣುತ್ತದೆ. ಪರದೆಯಿಂದ ಹಿಂದಕ್ಕೆ, ದೀಪದ ಕಡೆಗೆ ಎಳೆದರೆ ರಾವಣ ಬರೀ ಮಬ್ಬು. ಕಣ್ಣಿನ ಹಿಂಗೋಡೆಗೆ ಅಂಟಿದ ರೆಟಿನಾ ಎಂಬ ಪರದೆಯ ಹತ್ತಿರ ಗಂಟು ಇದ್ದರೆ ನೊಣದ ಕಾಲೂ ಕಾಣುತ್ತದೆ. ಮುಂದಕ್ಕೆ ಸರಿದರೆ ತೆಳು ಮೋಡ. ಬಿಳಿ ಗೋಡೆ, ಖಾಲಿ ಆಕಾಶ, ಮೊಬೈಲಿನ ಬಿಳಿ ತೆರೆ ನೋಡಿದಾಗ ಹೆಚ್ಚು ಕಾಡುವುದೂ ಇದಕ್ಕೇ. ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೀಪ ಸಣ್ಣದಾದಷ್ಟೂ ನೆರಳಿನ ಅಂಚು ಚೂಪು. ಹಿಡಿಯಲು ಹೋದರೆ ಓಡುವುದು ಯಾಕೆ ಅಂದರೆ, ನೀವು ಕಣ್ಣು ಹೊರಳಿಸಿದ ಮೇಲೆ ಲೋಳೆ ಒಂದು ಕ್ಷಣ ತಡವಾಗಿ ಹೊರಡುತ್ತದೆ, ಕಣ್ಣು ನಿಂತ ಮೇಲೂ ತುಳುಕುತ್ತದೆ. ತಲೆ ಮೇಲೆ ಕೊಡ ಹೊತ್ತವರು ನಿಂತ ಮೇಲೆಯೂ ನೀರು ಆಡುವುದಿಲ್ಲವೆ?

ಇಷ್ಟನ್ನೂ ನಾನು ಬೇರೆಯವರಿಗೆ ವರ್ಷಗಟ್ಟಲೆ ಹೇಳಿದ್ದೆ. ನನಗೇ ಬಂದ ದಿನ ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

ನಿವೃತ್ತನಾದ ಎರಡನೆಯ ವರ್ಷ. ಭಾರತ ಹುಣ್ಣಿಮೆ ಕಳೆದು ಮೈಲಾರದಲ್ಲಿ ವರ್ಷದ ಭವಿಷ್ಯ ನುಡಿಯುವ ಕಾರ್ಣಿಕ. ಡೆಂಕನಮರಡಿಯಲ್ಲಿ ಕಾಲಿಡಲು ಜಾಗವಿಲ್ಲ. ಸಂಜೆ ಗೊರವಯ್ಯ ಬಿಲ್ಲೇರಿದ. “ಸದ್ದಲೇ” ಎಂದ. ನೋಡಿದವರಿಗೆ ಗೊತ್ತು, ಅಷ್ಟು ದೊಡ್ಡ ಜನಸಾಗರ ಆ ಒಂದು ಮಾತಿಗೆ ಉಸಿರು ಹಿಡಿಯುತ್ತದೆ. ಎಲ್ಲರ ಮುಖ ಮೇಲಕ್ಕೆ. ನಾನೂ ಆಕಾಶ ನೋಡಿದೆ. ಬಲಗಣ್ಣಿನಲ್ಲಿ, ಗೊರವಯ್ಯನ ಕರಿ ಕಂಬಳಿಯ ಪಕ್ಕದಲ್ಲಿ, ಒಂದು ಉಂಗುರ ತೇಲುತ್ತಿತ್ತು. ಒಂದು ಕಡೆ ಮುರಿದ ಕಾಲುಂಗುರದ ಹಾಗೆ. ಕಣ್ಣು ಮಿಟುಕಿಸಿದೆ, ಇತ್ತು. ಕಣ್ಣೊರೆಸಿದೆ, ಇತ್ತು. ಅಷ್ಟರಲ್ಲಿ ಗೊರವಯ್ಯ ನುಡಿದು ಕೆಳಕ್ಕೆ ಬಿದ್ದಿದ್ದ. ಸುತ್ತಲಿದ್ದವರು ಮಳೆ ಬೆಳೆ, ರಾಜಕೀಯ ಎಂದು ಆ ನುಡಿಯ ಅರ್ಥ ಬಿಡಿಸುತ್ತಿದ್ದರು. ನನಗೆ ಆ ವರ್ಷದ ಕಾರ್ಣಿಕ ಏನಾಯಿತು ಎಂದು ಇವತ್ತಿಗೂ ಬೇರೆಯವರನ್ನು ಕೇಳಬೇಕು.

ಆ ರಾತ್ರಿ ಬಸ್ಸಿನಲ್ಲಿ ಬರುವಾಗ ಬಲಗಡೆಯ ಅಂಚಿನಲ್ಲಿ ಬಿಲ್ಲಿನಾಕಾರದ ಮಿಂಚು. ಎದುರಿನ ಲಾರಿಯ ಲೈಟು ಅಂದುಕೊಂಡೆ. ಮನೆಗೆ ಬಂದು ದೀಪ ಆರಿಸಿ ಮಲಗಿದೆ, ಕಣ್ಣು ಹೊರಳಿಸಿದಾಗ ಮತ್ತೆ ಮಿಂಚಿತು. ಹಾಸಿಗೆ ಪಕ್ಕದಲ್ಲಿ ಯಾವ ಲಾರಿಯೂ ಇರಲಿಲ್ಲ. ಆ ಉಂಗುರದ ಹೆಸರು ನನಗೆ ಗೊತ್ತಿತ್ತು: ವೈಸ್ ಉಂಗುರ. ಲೋಳೆ ಕಣ್ಣಿನ ನರ ಹೊರಡುವ ಜಾಗದ ಸುತ್ತ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಲ್ಲಿಂದ ಕಿತ್ತು ಬಂದಾಗ ಆ ಸುತ್ತಳತೆಯ ಗುರುತು ಲೋಳೆಯ ಬೆನ್ನಿನ ಮೇಲೆ ಉಳಿಯುತ್ತದೆ. ಅದು ಕಂಡಿತು ಅಂದರೆ ಲೋಳೆ ಹಿಂಗೋಡೆಯಿಂದ ಕಳಚಿದೆ ಎಂದು ರುಜು ಹಾಕಿಕೊಟ್ಟಂತೆ. ಇದು ಗೊತ್ತಿದ್ದೂ ನಾನು ಎರಡು ದಿನ ಸುಮ್ಮನಿದ್ದೆ. ಮನೆಯಲ್ಲಿ ಒಂದು ಮದುವೆ ಇತ್ತು, ನೆಂಟರಿದ್ದರು, ನೋವಂತೂ ಇರಲಿಲ್ಲ. “ನೋಡೋಣ” ಅಂದೆ. ಕಣ್ಣಿನ ವಿಷಯದಲ್ಲಿ ನಮ್ಮ ಕಡೆಯವರು ಹೇಳುವ ಮಾತು ಅದೇ.

ನೋವಿಲ್ಲದ್ದೇ ಇದರ ಮೋಸ. ರೆಟಿನಾಕ್ಕೆ ನೋವು ಹೇಳುವ ನರಗಳಿಲ್ಲ. ಜಗ್ಗಿದರೂ, ಹರಿದರೂ ಅದಕ್ಕೆ ಬಲ್ಲದ್ದು ಒಂದೇ ಭಾಷೆ, ಬೆಳಕು. ಲೋಳೆ ಕಳಚುವಾಗ ಪರದೆಯನ್ನು ಜಗ್ಗುತ್ತದೆ, ಪರದೆ ಅದನ್ನು ಮಿಂಚು ಎಂದು ಮಿದುಳಿಗೆ ವರದಿ ಮಾಡುತ್ತದೆ. ತಲೆಶೂಲೆಯವರಿಗೂ ಮಿಂಚು ಕಾಣುವುದುಂಟು, ಅದು ಬೇರೆ. ಅಲ್ಲಿ ಗರಗಸದ ಹಲ್ಲಿನಂತೆ ಮಿಣುಗುಡುವ ಗೆರೆ ಎರಡು ಕಣ್ಣಿಗೂ ಕಾಣುತ್ತದೆ, ಇಪ್ಪತ್ತು ಮೂವತ್ತು ನಿಮಿಷ ಹರಡಿ ಹೋಗುತ್ತದೆ, ಹಿಂದೆಯೇ ಹಲವರಿಗೆ ತಲೆನೋವು. ಲೋಳೆ ಜಗ್ಗುವ ಮಿಂಚು ಒಂದೇ ಕಣ್ಣಿನದು, ಕ್ಷಣಮಾತ್ರದ್ದು, ಕತ್ತಲಲ್ಲಿ ಹೆಚ್ಚು, ಸಾಮಾನ್ಯವಾಗಿ ಕಿವಿಯ ಕಡೆಯ ಅಂಚಿನಲ್ಲಿ.

ಲೋಳೆ ಕಳಚುವುದು ರೋಗವಲ್ಲ, ತಲೆ ನರೆಯುವ ಹಾಗೆ ವಯಸ್ಸಿನ ಸಹಜ ಧರ್ಮ. ಐವತ್ತು ದಾಟಿದ ಮೇಲೆ, ಅರವತ್ತು ಎಪ್ಪತ್ತರೊಳಗೆ ಬಹುಮಂದಿಗೆ ಆಗುತ್ತದೆ. ಮೈನಸ್ ನಂಬರಿನ ಕನ್ನಡಕದವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಇನ್ನೂ ಬೇಗ. ಹೆಚ್ಚಿನವರಲ್ಲಿ ಅದು ಮೆಲ್ಲಗೆ, ಹದವಾಗಿ ಬೇಯಿಸಿದ ಕಡುಬು ತಟ್ಟೆ ಬಿಟ್ಟ ಹಾಗೆ ಬಿಡುತ್ತದೆ. ಕೆಲವರಲ್ಲಿ ಮಾತ್ರ ಎಲ್ಲೋ ಒಂದು ಕಡೆ ಹಿಟ್ಟು ತಟ್ಟೆಗೆ ಹಿಡಿದಿರುತ್ತದೆ, ಎಳೆದರೆ ಅಲ್ಲಿ ಹರಿಯುತ್ತದೆ. ಹೊಸದಾಗಿ ನೊಣ, ಮಿಂಚು ಕಂಡು, ಲೋಳೆ ಕಳಚಿದೆ ಎಂದು ಗೊತ್ತಾದವರಲ್ಲಿ ಎಷ್ಟು ಜನಕ್ಕೆ ಪರದೆ ಹರಿದಿರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2009ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದು ಲೆಕ್ಕ ತೆಗೆಯಿತು. ನೂರಕ್ಕೆ 14. ಅಂದರೆ ಏಳು ಜನರಲ್ಲಿ ಒಬ್ಬರಿಗೆ. ಈ ಸಾಲಿನಲ್ಲಿ ಕೂತಿರುವ ಏಳು ಜನರನ್ನು ಎಣಿಸಿಕೊಳ್ಳಿ. ಆರು ಜನರು ಬರೀ ನೊಣದ ಜೊತೆ ಬದುಕುವುದನ್ನು ಕಲಿತರೆ ಸಾಕು. ಏಳನೆಯವರು ಯಾರು ಎಂಬುದು ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯದು, ಅವರಿಗೂ ತಿಳಿಯದು. ಪಾಪೆ ಅಗಲವಾಗುವ ಹನಿ ಹಾಕಿ, ಪರದೆಯ ಕಟ್ಟಕಡೆಯ ಅಂಚಿನವರೆಗೆ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ನನ್ನ ಟಾರ್ಚಿಗೆ, ಕನ್ನಡಕದ ಅಂಗಡಿಯ ಕಂಪ್ಯೂಟರಿಗೆ ಅದು ಕಾಣುವುದಿಲ್ಲ.

ಹರಿದ ಜಾಗದಿಂದ ತಿಳಿಯಾದ ನೀರು ಪರದೆಯ ಹಿಂದಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಗೋಡೆಯ ಸುಣ್ಣದ ಹಕ್ಕಳೆ ಏಳುವುದನ್ನು ನೋಡಿದ್ದೀರಲ್ಲ, ಹಾಗೆ ಪರದೆ ಗೋಡೆ ಬಿಟ್ಟು ಏಳುತ್ತದೆ. ಆಗ ಕಣ್ಣಿನ ಒಂದು ಮೂಲೆಯಿಂದ ಕರಿ ತೆರೆ ಇಳಿದಂತೆ, ಅಥವಾ ಕೆಳಗಿನಿಂದ ಏರಿದಂತೆ ಕಾಣುತ್ತದೆ. ಒಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಮೇಲಿನ ಪರದೆ ಎದ್ದರೆ ಕೆಳಗಿನ ನೋಟ ಹೋಗುತ್ತದೆ. ನಾಟಕದ ನಾಡಿನವರಾದ ನಮಗೆ ಪರದೆ ಬಿದ್ದರೆ ಆಟ ಮುಗಿಯಿತು ಎಂದು ಯಾರೂ ಹೇಳಿಕೊಡಬೇಕಿಲ್ಲ. ನೋಟದ ನಡುಬಿಂದು ಇನ್ನೂ ಗೋಡೆಗೆ ಅಂಟಿಕೊಂಡಿರುವಾಗ ಆಪರೇಷನ್ ಆದರೆ ಅಕ್ಷರ ಓದುವ ದೃಷ್ಟಿ ಉಳಿಯುವ ಆಸೆ ಇದೆ. ಅದೂ ಕಳಚಿದ ಮೇಲೆ ಪರದೆಯನ್ನು ಮತ್ತೆ ಕೂರಿಸಬಹುದು, ಮೊದಲಿನ ನೋಟ ಪೂರ್ತಿ ಮರಳುವುದು ಕಷ್ಟ. ಈ ಎರಡರ ನಡುವಿನ ಅಂತರ ಕೆಲವೊಮ್ಮೆ ಒಂದೆರಡು ದಿನ.

ಒಂದು ಕಾಲಕ್ಕೆ ಇದಕ್ಕೆ ಮದ್ದೇ ಇರಲಿಲ್ಲ. ರೋಗಿಗಳನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು, ಕೊನೆಗೆ ಕುರುಡು. ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಜೂಲ್ ಗೋನಿನ್ ಎಂಬ ವೈದ್ಯರು, ಹರಿದ ತೂತೇ ಕಾರಣ, ತೂತು ಮುಚ್ಚಿದರೆ ಪರದೆ ಕೂರುತ್ತದೆ ಎಂದು 1920ರ ದಶಕದಲ್ಲಿ ಕಾದ ಮೊನೆಯಿಂದ ಸುಟ್ಟು ತೋರಿಸಿದರು. ಅವರ ಕಾಲದ ದೊಡ್ಡ ವೈದ್ಯರು ಸುಲಭಕ್ಕೆ ಒಪ್ಪಲಿಲ್ಲ. ಆಮೇಲಿನ ಕತೆ ನನಗೆ ಬಲು ಇಷ್ಟ. 1945ರ ಜುಲೈಯಲ್ಲಿ ಯುರೋಪಿನಲ್ಲಿ ಸೂರ್ಯಗ್ರಹಣ. ಬರಿಗಣ್ಣಲ್ಲಿ ನೋಡಿದ ಕೆಲವರು ದೃಷ್ಟಿ ಮಬ್ಬಾಗಿ ಜರ್ಮನಿಯ ಗೆರ್ಡ್ ಮೈಯರ್ ಶ್ವಿಕೆರಾತ್ ಎಂಬ ತರುಣ ವೈದ್ಯರ ಬಳಿ ಬಂದರು. ಅವರ ಪರದೆಯ ನಡುವೆ ಸುಟ್ಟ ಕಲೆ. ಗ್ರಹಣ ಕಣ್ಣು ಕೆಡಿಸಿತು ಎಂದು ಬರೆದು ಕಳಿಸಬಹುದಿತ್ತು. ಆತ ಬೇರೆ ಯೋಚಿಸಿದರು: ಬೆಳಕು ಪರದೆಯ ಮೇಲೆ ಕಲೆ ಮೂಡಿಸುತ್ತದೆ ಅಂದರೆ, ಅದೇ ಕಲೆಯಿಂದ ಹರಿದದ್ದನ್ನು ಬೆಸುಗೆ ಹಾಕಬಾರದೇಕೆ? ಕನ್ನಡಿಗಳಿಂದ ಬಿಸಿಲನ್ನೇ ಹಿಡಿದು ರೋಗಿಯ ಕಣ್ಣಿಗೆ ಇಳಿಸಿದರು. ಮೋಡ ಬಂದರೆ ಚಿಕಿತ್ಸೆ ರಜೆ. ಮುಂದೆ ಅದಕ್ಕೆಂದೇ ದೀಪ ಬಂತು, ಆಮೇಲೆ ಲೇಸರ್ ಬಂತು. ಗ್ರಹಣವೆಂದರೆ ಕಿಟಕಿ ಮುಚ್ಚಿ ಕೂರುವ ನಮ್ಮ ಮನೆಗಳಲ್ಲಿ ಈ ಕತೆಯನ್ನು ಹೇಳಬೇಕು; ಬರಿಗಣ್ಣಿಂದ ನೋಡಬೇಡಿ ಎಂಬ ಎಚ್ಚರಿಕೆಯನ್ನೂ ಸೇರಿಸಿಯೇ ಹೇಳಬೇಕು.

ಮೂರನೆಯ ದಿನ ನಾನು ದಾವಣಗೆರೆಗೆ ಹೋದೆ. ಹನಿ ಹಾಕಿದರು, ತಲೆಗೆ ದೀಪ ಕಟ್ಟಿಕೊಂಡ ತರುಣ ವೈದ್ಯೆ ನನ್ನ ಕಣ್ಣನ್ನು ಮೂಲೆ ಮೂಲೆಗೆ ಹೊರಳಿಸಿ ನೋಡಿದರು. ಮೇಲಂಚಿನಲ್ಲಿ ಕುದುರೆ ಲಾಳದ ಆಕಾರದ ಹರಿವು. ನೀರು ಇನ್ನೂ ಇಳಿದಿರಲಿಲ್ಲ. ಕೂತಲ್ಲೇ ಲೇಸರ್ ಮಾಡಿದರು, ಕಾಲು ತಾಸೂ ಆಗಲಿಲ್ಲ. ಹರಿದ ಜಾಗದ ಸುತ್ತ ಚುಕ್ಕಿ ಚುಕ್ಕಿಯಾಗಿ ಎರಡು ಮೂರು ಸುತ್ತು ಸುಟ್ಟರು, ಜಾಲಿಮುಳ್ಳಿನ ಬೇಲಿ ಹಾಕಿದ ಹಾಗೆ. ಆ ಬೇಲಿ ಗಟ್ಟಿಯಾಗಲು ಎರಡು ವಾರ ಬೇಕು. “ಎಷ್ಟು ದಿನ ಆಯ್ತು?” ಎಂದು ಕೇಳಿದರು. ಹೇಳಿದೆ. “ಏನು ಕೆಲಸ ಮಾಡ್ತಿದ್ರಿ?” ಎಂದರು. ಅದನ್ನೂ ಹೇಳಬೇಕಾಯಿತು. ಆಕೆ ಏನೂ ಅನ್ನಲಿಲ್ಲ, ಚೀಟಿ ಬರೆಯುತ್ತಾ ಕೂತರು. ಬೈದಿದ್ದರೆ ವಾಸಿ ಇತ್ತು.

ನಾನೇಕೆ ಕಾದೆ ಎಂದು ಬಹಳ ಯೋಚಿಸಿದ್ದೇನೆ. ನನಗೆ ಹೊಳೆದದ್ದು ಇಷ್ಟು: ಕಣ್ಣಿನ ವಿಷಯದಲ್ಲಿ ಈ ಐದು ತಾಲೂಕಿಗೆ ಕಾಯುವುದನ್ನು ಕಲಿಸಿದವರು ನಾವೇ, ಶಿಬಿರದವರು.

ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರನ್ನು ಇಲ್ಲಿನ ಹಿರಿಯರಿಗೆ ನೆನಪಿಸಬೇಕಿಲ್ಲ. ಊರಿಂದ ಊರಿಗೆ ತಮ್ಮ ತಂಡ ಕಟ್ಟಿಕೊಂಡು ಹೋಗಿ, ಶಾಲೆ, ಛತ್ರಗಳನ್ನೇ ಆಸ್ಪತ್ರೆ ಮಾಡಿ, ಲಕ್ಷಗಟ್ಟಲೆ ಜನರಿಗೆ ಬಿಟ್ಟಿ ಆಪರೇಷನ್ ಮಾಡಿದವರು. ತಿರುಪತಿಯಲ್ಲಿ ಒಂದೇ ದಿನ 833 ಪೊರೆ ತೆಗೆದ ದಾಖಲೆ ಅವರದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ಅವರು ತೀರಿಕೊಂಡಾಗ, ಅವರ ಕೈಯಿಂದ ಕಣ್ಣು ಪಡೆದವರ ಮೊಮ್ಮಕ್ಕಳು ಶಿಬಿರ ನಡೆಸುತ್ತಿದ್ದರು. 1976ರಲ್ಲಿ ಕೇಂದ್ರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದು, ನನ್ನಂಥವರಿಗೆ ನೌಕರಿಯೂ ಸಿಕ್ಕಿತು. ಈ ಕೆಲಸವನ್ನು ಕಡಿಮೆ ಮಾಡಿ ಹೇಳುವ ನಾಲಿಗೆ ನನ್ನದಲ್ಲ.

ಆದರೆ ಶಿಬಿರಕ್ಕೊಂದು ಪಂಚಾಂಗ ಇತ್ತು. ಸುಗ್ಗಿ ಮುಗಿಯಬೇಕು, ಶೇಂಗಾ ಮಾರಾಟವಾಗಬೇಕು, ಜಾತ್ರೆ ಕಳೆಯಬೇಕು. ಆಗಿನ ಕಾಲದಲ್ಲಿ ಮಸೂರವನ್ನೇ ಇಡಿಯಾಗಿ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದುದರಿಂದ, ಅಷ್ಟಿಷ್ಟು ಕಾಣುವವರಿಗೆ ಆಪರೇಷನ್ ಮಾಡಿದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು. “ಇನ್ನೂ ಬಲಿತಿಲ್ಲ ಯಜ್ಜಿ, ಮುಂದಿನ ವರ್ಷ ಬಾ” ಎಂದು ನಾನೇ ಎಷ್ಟು ಜನರನ್ನು ವಾಪಸ್ಸು ಕಳಿಸಿಲ್ಲ! ಪೊರೆಗೆ ಆ ಮಾತು ಸರಿ ಇತ್ತು. ಈಗಿನ ವಿಧಾನದಲ್ಲಿ ಬಲಿಯುವ ತನಕ ಕಾಯಬೇಕಿಲ್ಲ, ಕಾದರೂ ಪೊರೆ ಬಹುಮಟ್ಟಿಗೆ ಕ್ಷಮಿಸುತ್ತದೆ. ಜನರು ಆ ಮಾತನ್ನು ಇಡೀ ಕಣ್ಣಿಗೆ ಹಚ್ಚಿಕೊಂಡರು. ಕಣ್ಣು ಮಂಜಾದರೆ ಪೊರೆ, ನೊಣ ಕಂಡರೆ ಪೊರೆ, ಕರಿ ತೆರೆ ಇಳಿದರೂ ಪೊರೆ. ಪೊರೆ ಬಂದಿದೆ ಅಂದರೆ ಬಲಿಯಲಿ ಬಿಡು. ಮೇಲಾಗಿ ವೈದ್ಯರು “ಪರದೆ ಎದ್ದಿದೆ” ಅಂದದ್ದು ಮನೆ ಮುಟ್ಟುವಷ್ಟರಲ್ಲಿ “ಪೊರೆ ಬಂದಿದೆ” ಆಗಿರುತ್ತದೆ. ಎರಡೂ ‘ಪ’ಕಾರದವು, ಎರಡೂ ಏನನ್ನೋ ಮುಚ್ಚುವಂಥ ಮಾತುಗಳು. ಪೊರೆ ಬರುವುದು ಕಣ್ಣಿನ ಮುಂಬಾಗಿಲಲ್ಲಿರುವ ಮಸೂರಕ್ಕೆ. ಪರದೆ ಇರುವುದು ಹಿತ್ತಿಲ ಗೋಡೆಗೆ. ಒಂದು ತಿಂಗಳುಗಟ್ಟಲೆ ಕಾಯುತ್ತದೆ, ಇನ್ನೊಂದು ಭಾನುವಾರ ಕಳೆಯಲಿ ಅಂದರೂ ಕೇಳುವುದಿಲ್ಲ.

ಈಗ ಆ ತಾಯಿಯ ವಿಷಯ. ಅವರು ಶೇಂಗಾ ಬಿಡಿಸುತ್ತಾ ಕೂತಾಗ ಎಡಗಣ್ಣಿನಲ್ಲಿ ಮಸಿ ಉದುರಿದಂತಾಯಿತಂತೆ. ಒಂದಲ್ಲ, ನೂರಾರು ಚುಕ್ಕಿ, ಒಲೆಯ ಮೇಲಿನ ಜಂತಿಯಿಂದ ಇಲ್ಲಣ ಉದುರಿದ ಹಾಗೆ. ಅದು ಒಳಗಿನ ರಕ್ತನಾಳ ಹರಿದು ಲೋಳೆಯಲ್ಲಿ ಚೆದುರಿದ ರಕ್ತ ಎಂದು ಈಗ ಹೇಳಬಹುದು. ಆಗ ಮನೆಯಲ್ಲಿ ಯಾರೋ ನಂದಿಬಟ್ಟಲ ಹೂವಿನ ರಸ ಬಿಟ್ಟರು, ತಂಪಾಯಿತು ಅಂದರು. ನಾಲ್ಕೈದು ದಿನದಲ್ಲಿ ಮೂಗಿನ ಕಡೆಯಿಂದ ನೆರಳು ಬಂತು. “ಪೊರಿ ಬಂದೈತಿ, ತೇರು ಆದ ಮ್ಯಾಲ ಕ್ಯಾಂಪು ಐತಿ, ತೋರಿಸಿದ್ರಾತು” ಎಂದು ಸ್ವತಃ ಅವರೇ ಅಂದರಂತೆ. ಕೊಟ್ಟೂರೇಶ್ವರನ ತೇರಿಗೆ ಇಪ್ಪತ್ತು ದಿನ ಇತ್ತು. ತೇರು ಎಳೆದರು, ಮಂಡಕ್ಕಿ ಮೆಣಸಿನಕಾಯಿ ತಿಂದರು, ಶಿಬಿರಕ್ಕೆ ಹೋದರು. ಅಲ್ಲಿ ಮಸೂರ ನೋಡಿದರೆ ಪೊರೆ ಇಲ್ಲ. ಬಳ್ಳಾರಿಗೆ ಚೀಟಿ ಕೊಟ್ಟರು. ಬಳ್ಳಾರಿಯಿಂದ ಬೆಂಗಳೂರಿಗೆ. ಪರದೆಯನ್ನು ಕೂರಿಸಿದರು, ಬೆಳಕು ಕತ್ತಲೆ ಗೊತ್ತಾಗುವಷ್ಟು ಉಳಿಯಿತು.

ಆ ಶಿಬಿರದಲ್ಲಿ ಟಾರ್ಚ್ ಹಿಡಿದು ಕೂತವನು ನಾನೇ ಇರಬೇಕು. ಆ ವರ್ಷ ಇಲ್ಲಿಗೆಲ್ಲ ಇದ್ದವನು ನಾನೊಬ್ಬನೇ. ನನಗೆ ಆ ತಾಯಿಯ ಮುಖ ನೆನಪಿಲ್ಲ. ಮನೆಯವರ ಎದುರು ಕೂತು ಈ ಕತೆ ಕೇಳಿದ ದಿನ, ಹಳೆಯ ರಿಜಿಸ್ಟರುಗಳು ನನ್ನ ಬಳಿ ಇಲ್ಲದ್ದು ಒಳ್ಳೆಯದಾಯಿತು ಅನ್ನಿಸಿತು.

ದೂರವೂ ಒಂದು ಕಾರಣ, ಅದನ್ನು ಮುಚ್ಚಿಡಬಾರದು. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬಳ್ಳಾರಿಯಲ್ಲಿ 1961ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ವೈದ್ಯ ಕಾಲೇಜು ಬಂದವು. ನಾವು ಈ ಮೂರರ ನಡುವಿನ ಬಯಲಲ್ಲಿ ಉಳಿದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಎಲ್ಲರೂ ವಿಜಯನಗರ ಜಿಲ್ಲೆಯವರಾದೆವು. ಹರಪನಹಳ್ಳಿಯವರ ರೆಫರ್ ಚೀಟಿಯ ಮೇಲೆ ಜಿಲ್ಲೆಯ ಹೆಸರು ಮೂರು ಸಲ ಬದಲಾಯಿತು, ಬಸ್ಸಿನ ತಾಸುಗಳು ಬದಲಾಗಲಿಲ್ಲ. ಆದ್ದರಿಂದ ಹೊರಡುವ ಮುಂಚೆ ಒಂದು ಫೋನು ಮಾಡಿ, ರೆಟಿನಾ ನೋಡುವ ವೈದ್ಯರು ಆ ದಿನ ಇದ್ದಾರೆಯೇ ಎಂದು ಕೇಳಿ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಪಾಪೆ ಅಗಲ ಮಾಡುವ ಹನಿ ಹಾಕಿದ ಮೇಲೆ ನಾಲ್ಕಾರು ತಾಸು ಎಲ್ಲ ಮಂಜು. ಬೈಕ್ ಹೊಡೆದುಕೊಂಡು ವಾಪಸ್ಸು ಬರುವ ಸಾಹಸ ಬೇಡ. ಹರಿವು ಇಲ್ಲ ಅಂದರೂ ಒಂದೂವರೆ ತಿಂಗಳೊಳಗೆ ಮತ್ತೊಮ್ಮೆ ಬನ್ನಿ ಅನ್ನುತ್ತಾರೆ. ಅದು ಹಣ ಕೀಳುವ ಉಪಾಯ ಅಂದುಕೊಳ್ಳಬೇಡಿ. ಮೊದಲ ಸಲ ಏನೂ ಕಾಣದವರಲ್ಲೂ ನೂರಕ್ಕೆ ಮೂರ್ನಾಲ್ಕು ಜನರಿಗೆ ಆ ಆರು ವಾರದಲ್ಲಿ ಹರಿಯುವುದುಂಟು. ಸಕ್ಕರೆ ಕಾಯಿಲೆ ಇರುವವರು ನೊಣ ಕಂಡರೆ ವಯಸ್ಸಿನ ಮೇಲೆ ಹಾಕಬೇಡಿ, ಸಕ್ಕರೆಯಿಂದ ಕೆಟ್ಟ ರಕ್ತನಾಳವೂ ಹಾಗೇ ಸೋರುತ್ತದೆ.

ಇನ್ನು ಆ ಆರು ಜನರ ವಿಷಯ, ಪರದೆ ಗಟ್ಟಿ ಇದೆ ಎಂದು ಹೇಳಿಸಿಕೊಂಡು ಮನೆಗೆ ಬಂದವರದು. ಅವರ ಕಷ್ಟವನ್ನು ಯಾರೂ ಕಷ್ಟ ಎಂದು ಒಪ್ಪುವುದಿಲ್ಲ. “ಏನೂ ಇಲ್ಲ ಅಂದಾರಲ್ಲ ಡಾಕ್ಟ್ರು” ಎಂದು ಮನೆಯವರು ಸುಮ್ಮನಾಗುತ್ತಾರೆ. ಇವರ ಕಣ್ಣಲ್ಲಿ ಮಾತ್ರ ದಿನವಿಡೀ ನೊಣ. ಹರಪನಹಳ್ಳಿಯ ಒಬ್ಬ ಮೇಷ್ಟ್ರು, ಬೋರ್ಡಿನ ಮೇಲೆ ತಾನು ಹಾಕದ ಚುಕ್ಕಿಗಳನ್ನು ಒರೆಸಿ ಒರೆಸಿ ಸಾಕಾಗಿ, ಮಕ್ಕಳು ನಗುತ್ತಾರೆ ಎಂದು ರಜೆ ಹಾಕಿದ್ದರು. ನನಗೂ ಮೊದಲ ಮೂರು ತಿಂಗಳು ಹಾಗೇ ಆಯಿತು. ಬೆಳಿಗ್ಗೆ ಎದ್ದ ಕೂಡಲೇ ಬಿಳಿ ಗೋಡೆಯ ಮುಂದೆ ನಿಂತು ಉಂಗುರ ಇದೆಯೇ ಎಂದು ಹುಡುಕುವುದು. ಇರುತ್ತಿತ್ತು. ಮತ್ತೆ ಹತ್ತು ಗಂಟೆಗೆ ಹುಡುಕುವುದು. ಹೀಗೆ ಹುಡುಕುವವನಿಗೆ ಅದು ಹೋಗುವುದಿಲ್ಲ. ಮಿದುಳು ಬೇಡದ್ದನ್ನು ಬಿಟ್ಟುಬಿಡುವ ಜಾಣ. ಮೂಗು ಸದಾ ಕಣ್ಣೆದುರಿಗೇ ಇದ್ದರೂ ನಾವು ನೋಡುತ್ತೇವೆಯೇ? ಅದಕ್ಕೆ ಪುರುಸೊತ್ತು ಕೊಡಬೇಕು. ತಿಂಗಳುಗಳು ಕಳೆದಂತೆ ಲೋಳೆ ಮುಂದಕ್ಕೆ ಸರಿದು ನೆರಳೂ ತೆಳುವಾಗುತ್ತದೆ.

ನನಗೆ ಉಪಯೋಗಕ್ಕೆ ಬಂದವು ಸಣ್ಣಪುಟ್ಟವು. ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಮತ್ತು ಟೊಪ್ಪಿಗೆ. ಮೊಬೈಲಿನ ಬೆಳಕು ಇಳಿಸಿ, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಮಾಡಿಕೊಂಡದ್ದು. ಓದುವಾಗ ಉಂಗುರ ಸಾಲಿನ ಮೇಲೇ ಬಂದು ಕೂತರೆ, ಕಣ್ಣನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದರೆ ಪಕ್ಕಕ್ಕೆ ಸರಿಯುತ್ತದೆ. ಮದ್ದು ಕೇಳಿದಿರಾದರೆ, ನೊಣ ಕರಗಿಸುವ ಹನಿ ಇಲ್ಲ, ಮಾತ್ರೆ ಇಲ್ಲ. ಅನಾನಸ್ ತಿಂದರೆ ಹೋಗುತ್ತದೆ ಎಂದು ಒಂದು ವಿಡಿಯೊ ನನಗೆ ನಾಲ್ಕು ಜನ ಕಳಿಸಿದ್ದಾರೆ, ರುಚಿಗೆ ತಿನ್ನಿ. ನಂದಿಬಟ್ಟಲು, ಜೇನು, ಎದೆಹಾಲು ಬಿಟ್ಟುಕೊಂಡು ಕರಿಗುಡ್ಡೆಗೆ ಹುಣ್ಣು ಮಾಡಿಕೊಂಡು ಬಂದವರನ್ನು ಕಣ್ಣಾರೆ ಕಂಡಿದ್ದೇನೆ, ಅದೊಂದು ಮಾತ್ರ ಬೇಡ. ಗಂಟನ್ನು ಲೇಸರಿನಿಂದ ಒಡೆಯುವ ಒಂದು ವಿಧಾನ ಇದೆ. 2017ರಲ್ಲಿ ಅಮೆರಿಕದಲ್ಲಿ 52 ಜನರ ಮೇಲೆ ಪರೀಕ್ಷೆ ಮಾಡಿದಾಗ, ನಿಜವಾದ ಲೇಸರ್ ಪಡೆದವರಲ್ಲಿ ನೊಣದ ಕಾಟ ನೂರಕ್ಕೆ 54ರಷ್ಟು, ಸುಳ್ಳು ಲೇಸರ್ ಪಡೆದವರಲ್ಲಿ 9ರಷ್ಟು ಕಡಿಮೆಯಾಯಿತು ಎಂದು ಕಂಡುಬಂತು. ಆಸೆ ಹುಟ್ಟಿಸುವ ಅಂಕಿ, ಆದರೆ 52 ಜನ ಎಂದರೆ ನಮ್ಮ ಊರಿನ ಒಂದು ಬಸ್ಸು. ಲೋಳೆಯನ್ನೇ ತೆಗೆದುಹಾಕುವ ಆಪರೇಷನ್ 1970ರ ಸುಮಾರಿಗೆ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಶುರುಮಾಡಿದ್ದು. ಅದು ನೊಣವನ್ನು ಖಂಡಿತ ಓಡಿಸುತ್ತದೆ. ಬದಲಿಗೆ ಪೊರೆ ಬೇಗ ಬರಬಹುದು, ಪರದೆ ಹರಿಯಲೂಬಹುದು. ಬದುಕೇ ನಿಂತುಹೋದವರಿಗೆ ವೈದ್ಯರು ಅದನ್ನು ಯೋಚಿಸುತ್ತಾರೆ. ಒಂದು ಉಂಗುರಕ್ಕೆ ಅಷ್ಟು ಕೊಡಲು ನಾನು ತಯಾರಿರಲಿಲ್ಲ.

ಒಂದು ಕಣ್ಣಿಗೆ ಬಂದವರಲ್ಲಿ ಹಲವರಿಗೆ ಒಂದೆರಡು ವರ್ಷದಲ್ಲಿ ಇನ್ನೊಂದಕ್ಕೂ ಬರುತ್ತದೆ. ಎರಡು ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಅಣ್ಣನ ಸಾಲವನ್ನು ತಮ್ಮ ತೀರಿಸಿದ ಹಾಗೆ, ಊರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಆ ವೈದ್ಯೆ ನನಗೆ ಒಂದು ಅಭ್ಯಾಸ ಹೇಳಿಕೊಟ್ಟಿದ್ದಾರೆ. ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು, ಆಮೇಲೆ ಅದನ್ನು ಮುಚ್ಚಿ ಇದರಲ್ಲಿ.

ಹೋದ ಚಳಿಗಾಲದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಅಂಕಸಮುದ್ರದ ಕೆರೆಗೆ ಹೋಗಿದ್ದೆ. 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಕ್ಯಾಮೆರಾದವರು ಹೆಚ್ಚು. ನೀರಲ್ಲಿ ನಿಂತ ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆಗಳು. ಏರಿಯ ಮೇಲೆ ನಿಂತು ಮೇಲೆ ನೋಡಿದೆ. ಬಲಗಡೆ ನನ್ನ ಹಳೆಯ ಉಂಗುರ, ಗುರುತಿನವರಂತೆ ಬಂದು ಹೋಯಿತು. ಎಡಗಡೆ, ಬಹಳ ಎತ್ತರದಲ್ಲಿ, ಹೊಸದೊಂದು ಕರಿ ಚುಕ್ಕಿ. ಎದೆ ಧಸಕ್ಕೆಂದಿತು. ಬಲಗಣ್ಣು ಮುಚ್ಚಿ ನೋಡಿದೆ, ಇತ್ತು. ಎಡಗಣ್ಣು ಮುಚ್ಚಿ ನೋಡಿದೆ, ಆಗಲೂ ಇತ್ತು. ಕಣ್ಣು ಹೊರಳಿಸಿದೆ, ಅದು ತನ್ನ ಜಾಗ ಬಿಡಲಿಲ್ಲ.

“ಏನ್ ನೋಡಾಕ ಹತ್ತೀಯಜ್ಜ, ಒಂದ ಕಣ್ಣಾಗ?” ಎಂದಳು ಮೊಮ್ಮಗಳು.

“ಹಕ್ಕಿ,” ಅಂದೆ.